ಸ್ವಿಫ್ಟ್ ಡಿಕ್ಕಿಗೆ ಹತ್ತಿಂಚಿನ ಸಬ್‌ವೂಫರ್: ಪೆಟ್ಟಿಗೆ ಕಟ್ಟಿದ್ದು, ವೈರ್ ಎಳೆದಿದ್ದು, ಹೊಂದಿಸಿದ್ದು

ಕಾರು 2018ರಲ್ಲಿ ಬಂದ ಮಾದರಿಯ ಮಾರುತಿ ಸ್ವಿಫ್ಟ್, ಪೆಟ್ರೋಲ್. ಓಡಾಟ ಹೆಚ್ಚಾಗಿ ಶಿವಮೊಗ್ಗದಿಂದ ತೀರ್ಥಹಳ್ಳಿ, ಅಲ್ಲಿಂದ ಆಗುಂಬೆ ಕಡೆ. ಡಿಕ್ಕಿ 268 ಲೀಟರ್. ಅದರಲ್ಲಿ ಕೂರಿಸಿದ್ದು ಸಬ್‌ವೂಫರ್, ಅಂದರೆ ಹಾಡಿನ ಬೇಸ್ (ತಗ್ಗಿನ ಸ್ವರ) ಮಾತ್ರ ನುಡಿಸುವ ಸ್ಪೀಕರ್. ಕೆಲಸ ಶುರು ಮಾಡುವ ಮೊದಲು ಹಾಕಿಕೊಂಡ ಷರತ್ತು ಮೂರು: ಒಂದು ಅಕ್ಕಿ ಚೀಲ ಮತ್ತು ಎರಡು ಬ್ಯಾಗಿಗೆ ಜಾಗ ಉಳಿಯಬೇಕು, ಸ್ಟೆಪ್ನಿ ತೆಗೆಯಲು ಪೆಟ್ಟಿಗೆ ಅಡ್ಡ ಬರಬಾರದು, ಮಳೆಗಾಲ ಕಳೆದ ಮೇಲೂ ಪೆಟ್ಟಿಗೆ ಮತ್ತು ಜಾಯಿಂಟ್‌ಗಳು ಹಾಕಿದ ಹಾಗೆಯೇ ಇರಬೇಕು. ಮಲೆನಾಡಿನಲ್ಲಿ ಕಾರ್ ಆಡಿಯೊ ಕೆಡುವುದು ವ್ಯಾಟ್ ಕಡಿಮೆಯಾಗಿ ಅಲ್ಲ, ತೇವ ಹೊಕ್ಕು. ಸಾಮಾನು ಆರಿಸುವಾಗ ಎಲ್ಲ ಕಡೆ ಇದನ್ನೇ ಮುಂದಿಟ್ಟುಕೊಂಡಿದ್ದೇವೆ.

ಯಾವ ಪೆಟ್ಟಿಗೆ, ಯಾವ ವೂಫರ್

ಅಂಗಡಿಯಲ್ಲಿ ಮೊದಲು ಕೈಗೆ ಬರುವುದು 12 ಇಂಚಿನ, ಮುಂದೆ ಪೋರ್ಟ್ (ಗಾಳಿಯಾಡುವ ತೂತು) ಇರುವ ರೆಡಿಮೇಡ್ ಪೆಟ್ಟಿಗೆ. ಸದ್ದು ಜೋರು, ನಿಜ. ಆದರೆ ಚಿಕ್ಕ ಕಾರಿಗೆ ಅದು ಹೊಂದುವುದಿಲ್ಲ. ಸ್ವಿಫ್ಟ್‌ನಂಥ ಕಾರಿನ ಒಳಗಿನ ಉದ್ದ ಸುಮಾರು ಎರಡೂವರೆ ಮೀಟರ್. 70 ಹರ್ಟ್ಸ್‌ನ ಅರ್ಧ ಅಲೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಅದಕ್ಕಿಂತ ಕೆಳಗಿನ ಸ್ವರಕ್ಕೆ ಕಾರಿನೊಳಗೆ ಅಲೆ ಓಡಾಡಲು ಜಾಗವೇ ಇಲ್ಲ. ವೂಫರ್ ಒಳಗಿನ ಇಡೀ ಗಾಳಿಯನ್ನು ಒಟ್ಟಿಗೆ ಒತ್ತಿ ಸೆಳೆಯುತ್ತದೆ. ಹಾಗಾಗಿ ಸ್ವರ ಕೆಳಗಿಳಿದಷ್ಟೂ ಬೇಸ್ ತಾನಾಗಿ ಏರುತ್ತದೆ. ಲೆಕ್ಕದ ಪ್ರಕಾರ ಈ ಏರಿಕೆ ಆಕ್ಟೇವ್‌ಗೆ, ಅಂದರೆ ಹರ್ಟ್ಸ್ ಅರ್ಧಕ್ಕಿಳಿದಾಗಲೆಲ್ಲ, 12 ಡೆಸಿಬೆಲ್‌ವರೆಗೆ. ಗಾಜು, ಬಾಗಿಲು, ತಗಡು ಅಲ್ಲಾಡಿ ಒಂದಿಷ್ಟು ಸೋರಿಹೋಗುವುದರಿಂದ ನಿಜದಲ್ಲಿ ಅದಕ್ಕಿಂತ ಕಡಿಮೆ. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯ ಬೇಸ್ ಕೆಳಗೆ ಹೋದಂತೆ ಆಕ್ಟೇವ್‌ಗೆ 12 ಡೆಸಿಬೆಲ್ ಇಳಿಯುತ್ತದೆ. ಅದು ಇಳಿಯುವಲ್ಲಿ ಕಾರು ಎತ್ತಿ ಹಿಡಿಯುತ್ತದೆ, ಒಟ್ಟಿನಲ್ಲಿ ಸಮ. ಪೋರ್ಟ್ ಪೆಟ್ಟಿಗೆ 40 ಹರ್ಟ್ಸ್ ಆಸುಪಾಸಿನಲ್ಲಿ ಮೊದಲೇ ಜೋರಾಗಿರುತ್ತದೆ. ಅದರ ಮೇಲೆ ಕಾರಿನ ಏರಿಕೆಯೂ ಸೇರಿದರೆ ಎಲ್ಲ ಹಾಡೂ ಒಂದೇ ಗುಂಯ್ ಆಗಿ ಕೇಳುತ್ತದೆ. ಡೊಳ್ಳಿನ ಪೆಟ್ಟು ಬಿದ್ದ ಕೂಡಲೇ ನಿಲ್ಲಬೇಕು, ಮುಂದಿನ ಹೊಡೆತಕ್ಕೆ ಜಾಗ ಬಿಡಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಸಾಧ್ಯ, ಜಾಗವೂ ಅರ್ಧದಷ್ಟೇ ಸಾಕು.

ವೂಫರ್ 10 ಇಂಚು. 12 ಇಂಚಿಗೆ 30 ಲೀಟರ್ ಮೀರಿದ ಪೆಟ್ಟಿಗೆ ಬೇಕಾಗುತ್ತದೆ, 8 ಇಂಚು ಹೆದ್ದಾರಿಯ ಟೈರ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾದ 1200, 1400 ವ್ಯಾಟ್ ನೋಡಬೇಡಿ. ಹಿಂಬದಿಯಲ್ಲಿ ಸಣ್ಣದಾಗಿ ಬರೆದಿರುವ ಆರ್‌ಎಂಎಸ್ ಸಂಖ್ಯೆ (ಎಡೆಬಿಡದೆ ತಡೆಯಬಲ್ಲ ವ್ಯಾಟ್) ಹುಡುಕಿ. 250ರಿಂದ 300 ವ್ಯಾಟ್ ಆರ್‌ಎಂಎಸ್ ಈ ಕಾರಿಗೆ ಧಾರಾಳ. ಆಮೇಲೆ ನೋಡಬೇಕಾದ್ದು ಎಫ್‌ಎಸ್ (ವೂಫರ್ ತಾನಾಗಿ ಅನುರಣಿಸುವ ಹರ್ಟ್ಸ್), ಕ್ಯೂಟಿಎಸ್ (ಆ ಅನುರಣನ ಎಷ್ಟು ಬೇಗ ಅಡಗುತ್ತದೆ ಎಂಬ ಅಳತೆ), ವಿಎಎಸ್ (ಕೋನ್‌ನ ಕಟ್ಟಿನಷ್ಟೇ ಸ್ಪ್ರಿಂಗ್‌ನಂತೆ ವರ್ತಿಸುವ ಗಾಳಿಯ ಲೀಟರ್) ಎಂಬ ಮೂರು ಅಂಕಿ. ಇವನ್ನು ಕೊಡದ ವೂಫರನ್ನು ಅಲ್ಲೇ ಬಿಟ್ಟು ಬನ್ನಿ, ಅದಕ್ಕೆ ಪೆಟ್ಟಿಗೆ ಲೆಕ್ಕ ಹಾಕಲು ಆಗುವುದೇ ಇಲ್ಲ.

ಲೆಕ್ಕ ಸುಲಭ. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರ್‌ನಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆಯಿರಿ. ಬಂದದ್ದನ್ನು ಕ್ಯೂಟಿಎಸ್‌ಗೆ ಗುಣಿಸಿದರೆ 0.7ರ ಹತ್ತಿರ ಬರಬೇಕು. ಉದಾಹರಣೆಗೆ ವಿಎಎಸ್ 30 ಲೀಟರ್, ಕ್ಯೂಟಿಎಸ್ 0.45, ಪೆಟ್ಟಿಗೆ 20 ಲೀಟರ್ ಇದ್ದರೆ 30 ಭಾಗಿಸು 20 ಅಂದರೆ 1.5, ಒಂದು ಕೂಡಿಸಿದರೆ 2.5, ವರ್ಗಮೂಲ 1.58, ಗುಣಿಸಿದರೆ 0.71. ಅದೇ 1.58ನ್ನು ಎಫ್‌ಎಸ್‌ಗೆ ಗುಣಿಸಿ: 32 ಹರ್ಟ್ಸ್‌ನ ವೂಫರ್ ಈ ಪೆಟ್ಟಿಗೆಯಲ್ಲಿ ಸುಮಾರು 50 ಹರ್ಟ್ಸ್‌ಗೆ ಕೂರುತ್ತದೆ. ಅದರ ಕೆಳಗೆ ಕಾರಿನ ಏರಿಕೆ ಕೈ ಹಿಡಿಯುತ್ತದೆ. ಉತ್ತರ 0.9 ದಾಟಿದರೆ ಪೆಟ್ಟಿಗೆ ಚಿಕ್ಕದಾಯಿತು ಎಂದರ್ಥ, ಬೇಸ್ ಉಬ್ಬಿದಂತೆ ಕೇಳುತ್ತದೆ.

ಸಿಎನ್‌ಜಿ ಸಿಲಿಂಡರ್ ಡಿಕ್ಕಿ ತುಂಬಿರುವ ಕಾರಿಗೆ, 177 ಲೀಟರ್ ಡಿಕ್ಕಿಯ ಹಳೇ ಆಲ್ಟೊಗೆ ಸೀಟಿನ ಕೆಳಗೆ ಕೂರುವ 8 ಇಂಚಿನ ಆಕ್ಟಿವ್ ಸಬ್ (ಆಂಪ್ಲಿಫೈಯರ್ ಒಳಗೇ ಇರುವ ಸಬ್‌ವೂಫರ್) ಒಂದೇ ದಾರಿ. ಅದರ ಬೇಸ್ ಮೈಗೆ ತಾಗುವುದಿಲ್ಲ, ಹಾಡು ತುಂಬಿಕೊಂಡಂತೆ ಕೇಳುತ್ತದೆ ಅಷ್ಟೆ. ಮಳೆಗಾಲದಲ್ಲಿ ಕಾಲಡಿಯ ಕಾರ್ಪೆಟ್ ಒದ್ದೆಯಾಗುವ ಕಾರಾದರೆ ಅದನ್ನು ಒಂದಿಂಚು ಎತ್ತರಿಸಿ ಕೂರಿಸಿ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗ್ ಸಾಲಿನದು, ಮುಟ್ಟಬೇಡಿ.

ಮರದ ಕೆಲಸ

ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ. ಒಣ ಊರಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಚು ಊದಿ, ಸ್ಕ್ರೂ ಹಿಡಿತ ಬಿಟ್ಟು, ಜಾಯಿಂಟ್‌ನಲ್ಲಿ ಗಾಳಿ ಸೋರಲು ಶುರುವಾಗುತ್ತದೆ. ಹಾಕಿದ್ದು ಐಎಸ್ 710 ಮುದ್ರೆಯ ಮರೀನ್ ಪ್ಲೈವುಡ್, 18 ಮಿ.ಮೀ. ಪೂರ್ತಿ ಶೀಟ್ ಕೊಳ್ಳಬೇಕಿಲ್ಲ, ನಾಲ್ಕಡಿ ಎರಡಡಿಯ ತುಂಡು ಸಾಕು. ಅಷ್ಟರಲ್ಲೇ ಎಲ್ಲ ಹಲಗೆಯೂ ಬರುತ್ತದೆ, ಒಳಗಿನ ಆಧಾರದ ಪಟ್ಟಿಯೂ ಬರುತ್ತದೆ.

ಹಿಂದಿನ ಸೀಟಿನ ಬೆನ್ನು ಡಿಕ್ಕಿ ಕಡೆಗೆ ವಾಲಿರುವುದರಿಂದ ಪೆಟ್ಟಿಗೆಯ ಆ ಬದಿ ಓರೆ. ಒಳ ಅಳತೆ: ಅಗಲ 400 ಮಿ.ಮೀ., ಎತ್ತರ 300, ಆಳ ಕೆಳಗೆ 223, ಮೇಲೆ 143. ಸರಾಸರಿ ಆಳ 183, ಒಟ್ಟು 22 ಲೀಟರ್. ವೂಫರ್‌ನ ಮ್ಯಾಗ್ನೆಟ್ ಮತ್ತು ಬುಟ್ಟಿ ಒಂದೂವರೆ ಲೀಟರ್, ಆಧಾರದ ಪಟ್ಟಿ ಅರ್ಧ ಲೀಟರ್ ತಿಂದರೆ ಉಳಿಯುವುದು 20.

ಕೊಯ್ಯಬೇಕಾದ ಹಲಗೆಗಳು ಹೀಗೆ. ವೂಫರ್ ಕೂರುವ ನೇರ ಹಲಗೆ 436 × 336. ಪಕ್ಕದ ಹಲಗೆ ಎರಡು, ಎತ್ತರ 336, ಕೆಳ ಅಂಚು 228, ಮೇಲಂಚು 138. ತಳ 400 × 228, ಮೇಲ್ಭಾಗ 400 × 143. ಸೀಟಿಗೆ ತಾಗುವ ಓರೆ ಹಲಗೆ 436 × 355, ಇದನ್ನು ಬೇಕೆಂದೇ ಸ್ವಲ್ಪ ಉದ್ದ ಬಿಟ್ಟು, ಅಂಟು ಒಣಗಿದ ಮೇಲೆ ಪ್ಲೇನರ್‌ನಲ್ಲಿ ಸಮ ಮಾಡುವುದು. ತಳ ಮತ್ತು ಮೇಲ್ಭಾಗದ ಹಲಗೆಗಳ ಓರೆ ಬದಿಯ ಅಂಚು 15 ಡಿಗ್ರಿಗೆ ಕೊಯ್ದಿರಬೇಕು. ನಿಮ್ಮ ಕಾರಿನ ಸೀಟಿನ ವಾಲು ಬೇರೆ ಇರಬಹುದು. ಸೀಟಿನ ಬೆನ್ನಿಗೆ ರಟ್ಟು ಒತ್ತಿ ಹಿಡಿದು ಕೋನ ಗುರುತು ಹಾಕಿಕೊಂಡೇ ಸಾಮಿಲ್‌ಗೆ ಹೋಗಿ. ಕೈಗರಗಸದಲ್ಲಿ 15 ಡಿಗ್ರಿ ಹಿಡಿಯುವುದು ಕಷ್ಟ, ಟೇಬಲ್ ಕಟ್ಟರ್ ಇರುವ ಕಡೆಯೇ ಕೊಯ್ಸಿ.

ಅಂಟು ನೀರು ತಡೆಯುವ ಮರೀನ್ ಬಗೆಯದು. ಸ್ಕ್ರೂ 40 ಮಿ.ಮೀ. ಉದ್ದ, ಹತ್ತು ಹನ್ನೆರಡು ಸೆಂಟಿಮೀಟರ್‌ಗೊಂದು. ಮೊದಲು 3 ಮಿ.ಮೀ. ತೂತು ಕೊರೆಯದೆ ಸ್ಕ್ರೂ ತಿರುಗಿಸಿದರೆ ಪ್ಲೈವುಡ್ ಪದರ ಬಿಟ್ಟುಕೊಳ್ಳುತ್ತದೆ. ಒಳಗಿನ ಎಲ್ಲ ಮೂಲೆಗೂ ಸೀಲಂಟ್ ಬಳಿದು ಬೆರಳಲ್ಲಿ ಒತ್ತಿ. ಇಲ್ಲಿ ಒಂದು ಎಚ್ಚರಿಕೆ: ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆವಿ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಸಿಲಿಕೋನ್ ಅಥವಾ ಪಿಯು ಸೀಲಂಟ್ ತನ್ನಿ, 24 ಗಂಟೆ ಬಾಯಿ ತೆರೆದಿಟ್ಟು ಒಣಗಿಸಿ, ಆಮೇಲೆ ವೂಫರ್ ಹಾಕಿ. ಮಳೆಗಾಲದಲ್ಲಿ ಅಂಟು ಒಣಗಲು ಇನ್ನೊಂದು ದಿನ ಬಿಟ್ಟರೆ ಒಳ್ಳೆಯದು. ಹೊರಗೆ ಕಾರ್ಪೆಟ್ ಅಂಟಿಸುವ ಮುನ್ನ ಎರಡು ಕೋಟ್ ವುಡ್ ಪ್ರೈಮರ್, ಮುಖ್ಯವಾಗಿ ಕೊಯ್ದ ಅಂಚುಗಳಿಗೆ. ತೇವ ಹೋಗುವುದು ಹಲಗೆಯ ಮುಖದಿಂದಲ್ಲ, ಅಂಚಿನಿಂದ.

ಒಳಗೆ ಪಾಲಿಯೆಸ್ಟರ್ ಹತ್ತಿ, ದಿಂಬಿಗೆ ತುಂಬುತ್ತಾರಲ್ಲ ಅದೇ, ಕಾಲು ಕೆಜಿ, ಸಡಿಲವಾಗಿ. ಬೂರುಗದ ಹತ್ತಿ ಮನೆಯಲ್ಲೇ ಇದೆ ಎಂದು ತುಂಬಬೇಡಿ, ತೇವ ಹೀರಿ ಬೂಷ್ಟು ಹಿಡಿಯುತ್ತದೆ.

ವೂಫರ್ ಕೂರಿಸಲು ಮರದ ಸ್ಕ್ರೂ ಬದಲು ಎಂ5 ಟಿ-ನಟ್ (ಹಲಗೆಗೆ ಕಚ್ಚಿ ಕೂರುವ ನಟ್) ಮತ್ತು ಬೋಲ್ಟ್ ಹಾಕಿ. ಬಿಚ್ಚಿ ಹಾಕಿದರೂ ತೂತು ಸವೆಯುವುದಿಲ್ಲ. ರಿಮ್ ಕೆಳಗೆ ಫೋಮ್ ಟೇಪ್. ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ.

ಸೋರಿಕೆ ನೋಡುವ ಬಗೆ ಎರಡು. ಅಂಗೈ ಅಗಲಿಸಿ ಕೋನ್ ಅನ್ನು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಪೆಟ್ಟಿಗೆ ಬಿಗಿಯಾಗಿದ್ದರೆ ಒತ್ತುವಾಗ ಗಾಳಿಯ ತಡೆ ಕೈಗೆ ಗೊತ್ತಾಗುತ್ತದೆ, ಬಿಟ್ಟ ಮೇಲೆ ಕೋನ್ ನಿಧಾನವಾಗಿ ವಾಪಸು ಬರುತ್ತದೆ. ಇನ್ನೊಂದು, ಕಡಿಮೆ ಸದ್ದಿನಲ್ಲಿ 30 ಹರ್ಟ್ಸ್ ಟೋನ್ ಹಾಕಿ ಜಾಯಿಂಟ್ ಉದ್ದಕ್ಕೂ ಅಗರಬತ್ತಿ ಹಿಡಿದುಕೊಂಡು ಹೋಗಿ. ಸೋರುವ ಜಾಗ ಬಂದಾಗ ನೇರ ಏಳುತ್ತಿದ್ದ ಹೊಗೆಯ ಎಳೆ ನಡುಗಿ ಒಡೆಯುತ್ತದೆ. ಹೆಚ್ಚಾಗಿ ಸಿಗುವುದು ಟರ್ಮಿನಲ್ ಕಪ್‌ನ (ಪೆಟ್ಟಿಗೆಗೆ ವೈರ್ ಜೋಡಿಸುವ ಬಟ್ಟಲು) ಅಂಚಿನಲ್ಲಿ, ಅದಕ್ಕೆ ಹಿಂದಿನಿಂದ ಸೀಲಂಟ್ ಹಚ್ಚುವುದನ್ನು ಎಲ್ಲರೂ ಮರೆಯುತ್ತಾರೆ.

ತುಂಬಿದ ಪೆಟ್ಟಿಗೆ 13 ಕೆಜಿ ಆಸುಪಾಸು. ಹೊರ ಅಳತೆಯಲ್ಲಿ ಡಿಕ್ಕಿಯ 32 ಲೀಟರ್ ಹಿಡಿಯುತ್ತದೆ. ಆಗುಂಬೆ ಘಾಟಿಯ 14 ತಿರುವಿಗೆ ವೆಲ್ಕ್ರೋ ನಂಬಬೇಡಿ. ತಳದಲ್ಲಿ ಎರಡು ಕಬ್ಬಿಣದ ಎಲ್ ಪಟ್ಟಿ, ಡಿಕ್ಕಿ ನೆಲದ ಅಂಚಿನಲ್ಲಿ ಎಂ6 ರಿವೆಟ್ ನಟ್ (ತಗಡಿನ ತೂತಿನಲ್ಲೇ ಬಿಗಿದು ಕೂರುವ ನಟ್), ಕೈಯಲ್ಲೇ ತಿರುಗಿಸುವ ರೆಕ್ಕೆ ಬೋಲ್ಟ್. ಪಂಕ್ಚರ್ ಆದಾಗ ಎರಡು ಬೋಲ್ಟ್ ಬಿಚ್ಚಿ ಪೆಟ್ಟಿಗೆ ಎತ್ತಿಟ್ಟರೆ ಸ್ಟೆಪ್ನಿ ಸಿಗುತ್ತದೆ. ವೂಫರ್ ವೈರ್‌ಗೂ ಎಳೆದು ಕೀಳುವ ಕನೆಕ್ಟರ್ ಇರಲಿ. ಡ್ರಿಲ್ ಹಿಡಿಯುವ ಮೊದಲು ಕಾರಿನ ಅಡಿ ಹೋಗಿ ನೋಡಿ, ಪೆಟ್ರೋಲ್ ಟ್ಯಾಂಕ್ ಮತ್ತು ಬ್ರೇಕ್ ಪೈಪ್ ಎಲ್ಲಿವೆ ಎಂದು. ಕೊರೆದ ತೂತಿಗೆ ಪ್ರೈಮರ್ ಹಚ್ಚದೆ ಮುಂದೆ ಹೋಗಬೇಡಿ. ಸೀಟ್ ಬೆಲ್ಟ್ ಬೋಲ್ಟ್, ಮಕ್ಕಳ ಸೀಟಿನ ಕೊಕ್ಕೆ ಇವಕ್ಕೆ ಏನನ್ನೂ ಕಟ್ಟಬಾರದು.

ವೈರಿಂಗ್

ಆಂಪ್ (ಆಂಪ್ಲಿಫೈಯರ್) ಕ್ಲಾಸ್-ಡಿ ಎಂಬ ಕಡಿಮೆ ಬಿಸಿಯಾಗುವ ಬಗೆಯದು, ಮೋನೊ (ಒಂದೇ ಚಾನೆಲ್), 4 ಓಮ್‌ಗೆ 300 ವ್ಯಾಟ್ ಆರ್‌ಎಂಎಸ್. ವೂಫರ್ 4 ಓಮ್‌ನ ಒಂದೇ ಕಾಯಿಲ್. ಎರಡು ಕಾಯಿಲ್‌ನದಾದರೆ 2+2 ಓಮ್ ತಂದು ಸೀರೀಸ್ ಮಾಡಿ, ಅದೂ 4 ಓಮ್. 4+4 ತಂದರೆ ಪ್ಯಾರಲಲ್‌ನಲ್ಲಿ 2 ಓಮ್ ಆಗುತ್ತದೆ, ಆಂಪ್ 2 ಓಮ್ ತಡೆಯುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಯೇ ಜೋಡಿಸಿ.

300 ವ್ಯಾಟ್ ಕೊಡಲು ಶೇ. 80 ದಕ್ಷತೆಯ ಆಂಪ್ 375 ವ್ಯಾಟ್ ಎಳೆಯುತ್ತದೆ; 13.8 ವೋಲ್ಟ್‌ನಲ್ಲಿ 27 ಆಂಪಿಯರ್. ಇದು ಬೇಸ್ ಹೊಡೆತದ ಕ್ಷಣದ ಲೆಕ್ಕ, ಹಾಡಿನ ಸರಾಸರಿ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದ್ದರಿಂದ ಆಲ್ಟರ್ನೇಟರ್ ಬದಲಿಸುವುದು, ಕೆಪಾಸಿಟರ್ ಡಬ್ಬ ಹಾಕುವುದು ಯಾವುದೂ ಬೇಡ. ಎಂಜಿನ್ ಆಫ್ ಮಾಡಿ ಗಂಟೆಗಟ್ಟಲೆ ಹಾಡು ಹಾಕಿದರೆ ಮಾತ್ರ ಈ ಕಾರಿನ ಚಿಕ್ಕ ಬ್ಯಾಟರಿ ಬೆಳಿಗ್ಗೆ ಸ್ಟಾರ್ಟರ್ ತಿರುಗಿಸುವುದಿಲ್ಲ.

ಆಂಪ್ ಕಿಟ್ ಎಂದು ಪ್ಯಾಕೆಟ್‌ನಲ್ಲಿ ಬರುವ ಅಗ್ಗದ ವೈರ್ ಬಹುತೇಕ ತಾಮ್ರದ ಲೇಪದ ಅಲ್ಯೂಮಿನಿಯಂ. ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಿ ಬಣ್ಣ ಕಾಣುತ್ತದೆ. ಪ್ರತಿರೋಧ ಒಂದೂವರೆ ಪಟ್ಟಿಗೂ ಹೆಚ್ಚು, ಅದಕ್ಕಿಂತ ದೊಡ್ಡ ತೊಂದರೆ ಎಂದರೆ ನಮ್ಮ ಹವೆಯಲ್ಲಿ ಲಗ್ (ವೈರ್ ತುದಿಗೆ ಹಾಕುವ ಲೋಹದ ಬಳೆ) ಒಳಗೆ ಬಿಳಿ ಪುಡಿ ಕಟ್ಟಿ ಜಾಯಿಂಟ್ ಬಿಸಿಯಾಗುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ 10 ಚದರ ಮಿ.ಮೀ. ತಾಮ್ರದ ಫ್ಲೆಕ್ಸಿಬಲ್ ವೈರ್ 8 ಗೇಜ್‌ಗಿಂತ ಸ್ವಲ್ಪ ದಪ್ಪವೇ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್. 27 ಆಂಪಿಯರ್‌ಗೆ ಕಾಲು ವೋಲ್ಟ್ ನಷ್ಟ. ಅದೇ ದಪ್ಪದ ಅಲ್ಯೂಮಿನಿಯಂ ವೈರ್‌ನಲ್ಲಿ 0.4 ವೋಲ್ಟ್ ಹೋಗುತ್ತದೆ.

ಫ್ಯೂಸ್ 40 ಆಂಪಿಯರ್, ಬ್ಯಾಟರಿ ಪ್ಲಸ್‌ನಿಂದ ಒಂದೂವರೆ ಅಡಿಯೊಳಗೆ. ಈ ಫ್ಯೂಸ್ ಇರುವುದು ಆಂಪ್‌ಗಾಗಿ ಅಲ್ಲ, ವೈರ್‌ಗಾಗಿ. ಎಲ್ಲಾದರೂ ವೈರ್ ಬಾಡಿಯ ತಗಡಿಗೆ ತಾಗಿದರೆ ಫ್ಯೂಸ್‌ನಿಂದ ಆಚೆ ಮಾತ್ರ ರಕ್ಷಣೆ, ಈಚೆ ಇರುವ ತುಂಡು ಹೊತ್ತಿಕೊಳ್ಳುತ್ತದೆ. ಕೆಲಸ ಮುಗಿಯುವವರೆಗೆ ಫ್ಯೂಸ್ ಹಾಕಲೇಬೇಡಿ, ಬ್ಯಾಟರಿ ಮೈನಸ್ ಬಿಚ್ಚಿಡಿ.

ಬಾನೆಟ್ ಒಳಗೆ ವೈರ್ ಪೂರ್ತಿ ಸುರುಳಿ ಪೈಪಿನಲ್ಲಿ ಹೋಗಲಿ. ಬಿಸಿಗಷ್ಟೇ ಅಲ್ಲ, ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಇಲಿ ಕಾಟವೂ ಇದೆ. ಎಂಜಿನ್ ಗೋಡೆಯ ರಬ್ಬರ್ ಗ್ರೊಮೆಟ್‌ನಲ್ಲಿ ಸಣ್ಣ ಸೀಳು ಮಾಡಿ ದಾಟಿಸಿ, ಸುತ್ತ ಸೀಲಂಟ್ ಹಚ್ಚಿ. ಗ್ರೊಮೆಟ್‌ಗೆ ಹೋಗುವ ಮುನ್ನ ವೈರ್ ಒಮ್ಮೆ ಕೆಳಗಿಳಿದು ಮೇಲೇರಬೇಕು. ಇಲ್ಲದಿದ್ದರೆ ಮಳೆನೀರು ವೈರ್ ಹಿಡಿದುಕೊಂಡೇ ಒಳಗೆ ಇಳಿಯುತ್ತದೆ, ಆಮೇಲೆ ಕಾರ್ಪೆಟ್ ವಾಸನೆ ಯಾಕೆ ಎಂದು ಹುಡುಕುವುದೇ ಕೆಲಸ. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕಟ್ಟಿಕೊಂಡು ನೀರು ನಿಂತಿದ್ದರೆ ಈಗಲೇ ತೆಗೆಯಿರಿ.

ಒಳಗೆ ಪವರ್ ವೈರ್ ಒಂದು ಬದಿಯ ಬಾಗಿಲ ಹೊಸ್ತಿಲ ಕೆಳಗೆ, ಸಿಗ್ನಲ್ ವೈರ್ ಇನ್ನೊಂದು ಬದಿಯಲ್ಲಿ. ಕಂಪನಿ ಸ್ಟೀರಿಯೊದಲ್ಲಿ ಆರ್‌ಸಿಎ (ಆಂಪ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಇಲ್ಲದಿದ್ದರೆ ಹೈ-ಲೆವೆಲ್ ಇನ್‌ಪುಟ್ (ಸ್ಪೀಕರ್ ವೈರಿನ ಸಿಗ್ನಲನ್ನೇ ನೇರ ತೆಗೆದುಕೊಳ್ಳುವ ಸೌಲಭ್ಯ) ಇರುವ ಆಂಪ್ ಆರಿಸಿ, ಹಿಂದಿನ ಬಾಗಿಲ ಸ್ಪೀಕರ್ ಜೋಡಿಯಿಂದ ಸಿಗ್ನಲ್ ತೆಗೆಯಿರಿ. ಸಿಗ್ನಲ್ ಬಂದ ಕೂಡಲೇ ತಾನಾಗಿ ಆನ್ ಆಗುವ ಸೌಲಭ್ಯ ಇಂಥ ಆಂಪ್‌ಗಳಲ್ಲಿ ಸಾಮಾನ್ಯ, ಆಗ ರಿಮೋಟ್ ವೈರ್ (ಸ್ಟೀರಿಯೊ ಜೊತೆ ಆಂಪ್ ಆನ್ ಮಾಡುವ ವೈರ್) ಎಳೆಯುವ ಕೆಲಸ ತಪ್ಪುತ್ತದೆ.

ಅರ್ಥಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ನೂರೆಂಟು ದೂರಿನ ಮೂಲ ಇದೇ. ಆಂಪ್‌ನ ಮೈನಸ್‌ನಿಂದ ಕಾರಿನ ತಗಡಿಗೆ ಹೋಗುವ ಈ ವೈರ್ 45 ಸೆಂ.ಮೀ.ಗಿಂತ ಚಿಕ್ಕದು, ಪವರ್ ವೈರ್‌ನಷ್ಟೇ ದಪ್ಪ. ಬಾಡಿಯ ದಪ್ಪ ತಗಡಿನಲ್ಲಿ ಬೋಲ್ಟ್ ಇರುವ ಜಾಗ ಹುಡುಕಿ, ಲಗ್ ಕೂರುವಷ್ಟು ಅಗಲ ಬಣ್ಣ ಮತ್ತು ಪ್ರೈಮರ್ ಎರಡನ್ನೂ ಸ್ಯಾಂಡ್ ಪೇಪರ್‌ನಲ್ಲಿ ತೆಗೆದು ಹೊಳೆಯುವ ತಗಡು ಕಾಣಿಸಿ. ಲಗ್ ಅನ್ನು ಕ್ರಿಂಪ್ ಮಾಡಿ, ಒಳಮೈಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಹಿಡಿದರೆ ಬಿಗಿಯುವ ಕೊಳವೆ) ಹಾಕಿ. ಹಲ್ಲಿನ ವಾಷರ್ ಇಟ್ಟು ಬಿಗಿಯಿರಿ. ಬಿಗಿದಾದ ಮೇಲೆ, ಮೊದಲು ಅಲ್ಲ, ಅದರ ಮೇಲೆ ವ್ಯಾಸಲೀನ್ ದಪ್ಪಗೆ ಬಳಿಯಿರಿ. ಕೆರೆದ ತಗಡನ್ನು ಹಾಗೇ ಬಿಟ್ಟರೆ ಒಂದೇ ಮಳೆಗಾಲದಲ್ಲಿ ತುಕ್ಕು ಲಗ್ ಕೆಳಗೆ ಹರಿಯುತ್ತದೆ.

ಪರೀಕ್ಷೆ: ಎಂಜಿನ್ ಚಾಲೂ, ಹಾಡು ಜೋರು. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ ಉದ್ದ ವೈರ್‌ನಲ್ಲಿ, ಇನ್ನೊಂದು ಆಂಪ್‌ನ ಗ್ರೌಂಡ್ ಸ್ಕ್ರೂಗೆ. 0.1 ವೋಲ್ಟ್ ಒಳಗಿದ್ದರೆ ಸರಿ. ಹೆಚ್ಚಿದ್ದರೆ ಮತ್ತೆ ಕೆರೆಯಿರಿ.

ಆಂಪ್ ಅನ್ನು ಪೆಟ್ಟಿಗೆಯ ಮೈಗೇ ಸ್ಕ್ರೂ ಮಾಡುವ ರೂಢಿ ಇದೆ. ಅದರುವಿಕೆಗೆ ಟರ್ಮಿನಲ್ ಸಡಿಲವಾಗುತ್ತದೆ. ಬೇರೆ ಹಲಗೆಯ ಮೇಲೆ, ನೆಲದಿಂದ ಒಂದಿಂಚು ಎತ್ತರದಲ್ಲಿ ಕೂರಿಸಿ. ಒದ್ದೆ ಕೊಡೆ, ಒದ್ದೆ ರೈನ್‌ಕೋಟು ಎಸೆಯುವುದು ಡಿಕ್ಕಿಗೇ.

ಹೊಂದಿಸುವುದು

ಆಂಪ್‌ನ ಗೇನ್ ಗುಂಡಿ ವಾಲ್ಯೂಮ್ ಅಲ್ಲ, ಸ್ಟೀರಿಯೊ ಸಿಗ್ನಲ್‌ಗೆ ಆಂಪ್ ಅನ್ನು ಹೊಂದಿಸುವ ಗುಂಡಿ. ವೂಫರ್ ವೈರ್ ಬಿಚ್ಚಿ, ಸ್ಟೀರಿಯೊದ ಬೇಸ್, ಟ್ರೆಬಲ್ ಸೊನ್ನೆಗೆ ತನ್ನಿ, ಆಂಪ್‌ನ ಬೇಸ್ ಬೂಸ್ಟ್ ಆಫ್ ಮಾಡಿ. 0 ಡೆಸಿಬೆಲ್ ಮಟ್ಟದ 50 ಹರ್ಟ್ಸ್ ಟೋನ್ ಹಾಕಿ, ವಾಲ್ಯೂಮ್ ಮುಕ್ಕಾಲಿಗೆ ಇಡಿ. ಮೀಟರ್ ಎಸಿ ವೋಲ್ಟ್‌ನಲ್ಲಿರಲಿ, ಕಡ್ಡಿಗಳು ಆಂಪ್‌ನ ವೂಫರ್ ಟರ್ಮಿನಲ್‌ಗಳಿಗೆ. 250 ವ್ಯಾಟ್, 4 ಓಮ್‌ಗೆ ಬೇಕಾದ್ದು 250 × 4ರ ವರ್ಗಮೂಲ, ಅಂದರೆ 31.6 ವೋಲ್ಟ್. ಅಷ್ಟು ಬರುವವರೆಗೆ ಗೇನ್ ಏರಿಸಿ ನಿಲ್ಲಿಸಿ. 2 ಓಮ್ ವೂಫರ್ ಆದರೆ 22.4 ವೋಲ್ಟ್. ಆಮೇಲೆ ಬೇಸ್ ಬೂಸ್ಟ್ 6 ಡೆಸಿಬೆಲ್ ಏರಿಸಿದರೆ ಆ ಸ್ವರಕ್ಕೆ ನಾಲ್ಕು ಪಟ್ಟು ವ್ಯಾಟ್ ಕೇಳಿದಂತೆ. ಆಂಪ್ ಕೊಡಲಾರದೆ ಅಲೆಯ ತಲೆ ಕತ್ತರಿಸುತ್ತದೆ, ವೂಫರ್ ಕಾಯಿಲ್ ಸುಡುವುದು ಹೀಗೆಯೇ. ಆ ಗುಂಡಿ ಆಫ್ ಆಗಿಯೇ ಇರಲಿ.

ಲೋ-ಪಾಸ್ (ಮೇಲಿನ ಸ್ವರ ವೂಫರ್‌ಗೆ ಹೋಗದಂತೆ ತಡೆಯುವ ಫಿಲ್ಟರ್) 80 ಹರ್ಟ್ಸ್. ಮುಂದಿನ ಬಾಗಿಲ ಸ್ಪೀಕರ್‌ಗಳಿಂದ ಕೆಳಗಿನ ಬೇಸ್ ತೆಗೆದರೆ ಹಾಡಿನ ಸಾಹಿತ್ಯ ಸ್ಪಷ್ಟವಾಗುತ್ತದೆ. ಸ್ಟೀರಿಯೊದಲ್ಲಿ ಹೈ-ಪಾಸ್ (ಕೆಳಗಿನ ಸ್ವರ ತಡೆಯುವ ಫಿಲ್ಟರ್) ಇಲ್ಲದಿದ್ದರೆ 4 ಓಮ್ ಸ್ಪೀಕರ್‌ಗೆ 470 ಮೈಕ್ರೋಫ್ಯಾರಡ್ ನಾನ್-ಪೋಲಾರ್ ಕೆಪಾಸಿಟರ್ ಸೀರೀಸ್‌ನಲ್ಲಿ ಹಾಕಿ, 85 ಹರ್ಟ್ಸ್ ಹತ್ತಿರ ಇಳಿಯಲು ಶುರುವಾಗುತ್ತದೆ. ಫೇಸ್ ಸ್ವಿಚ್ (ವೂಫರ್ ಕೋನ್ ಚಲಿಸುವ ದಿಕ್ಕು ತಿರುಗಿಸುವುದು) 0 ಮತ್ತು 180 ಎರಡರಲ್ಲೂ ಡ್ರೈವರ್ ಸೀಟಿನಲ್ಲಿ ಕೂತು ಕೇಳಿ. ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದೇ ಸರಿ.

ಇಷ್ಟಾದ ಮೇಲೆ ಡಿಕ್ಕಿ ಬಾಗಿಲು ಗಡಗಡ ಎನ್ನುತ್ತದೆ. 30ರಿಂದ 80 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರುವ ಟೋನ್ ಹಾಕಿ, ಒಬ್ಬರು ಕೈಯಲ್ಲಿ ಒತ್ತಿ ನೋಡುತ್ತ ಹೋಗಲಿ. ನಂಬರ್ ಪ್ಲೇಟ್ ಹಿಂದೆ ಫೋಮ್ ಟೇಪ್ ತುರುಕಿ. ಎಚ್‌ಎಸ್‌ಆರ್‌ಪಿ ಲಾಕ್ ಕೀಳಬೇಡಿ. ಪಾರ್ಸೆಲ್ ಟ್ರೇ ಅಂಚಿಗೆ ಫೆಲ್ಟ್. ಬಾಗಿಲ ಒಳ ತಗಡಿಗೆ 2 ಮಿ.ಮೀ. ಬ್ಯೂಟೈಲ್ ಶೀಟ್ (ಅದರುವಿಕೆ ತಡೆಯುವ ಅಂಟು ರಬ್ಬರ್ ಹಾಳೆ), ರೋಲರ್‌ನಲ್ಲಿ ಒತ್ತಿ. ಮಳೆಗಾಲದಲ್ಲಿ ತಗಡು ಕಣ್ಣಿಗೆ ಒಣಗಿದಂತೆ ಕಂಡರೂ ತೇವ ಇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಹೇರ್ ಡ್ರೈಯರ್ ಬಿಸಿ ಹಿಡಿದು ಅಂಟಿಸಿ. ಬಾಗಿಲ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ. ಅವನ್ನು ಶೀಟ್ ಮುಚ್ಚಿದರೆ ನೀರು ಒಳಗೇ ನಿಂತು ಬಾಗಿಲು ಕೆಳಗಿನಿಂದ ತುಕ್ಕು ಹಿಡಿಯುತ್ತದೆ.

ಎಂಜಿನ್ ರೇಸ್ ಮಾಡಿದಂತೆ ಕುಂಯ್ ಸದ್ದು ಏರಿದರೆ ಸಿಗ್ನಲ್ ವೈರನ್ನು ಆಂಪ್‌ನಿಂದ ಕಿತ್ತು ನೋಡಿ. ಸದ್ದು ನಿಂತರೆ ತೊಂದರೆ ಸ್ಟೀರಿಯೊ ಕಡೆಯ ಗ್ರೌಂಡ್‌ನಲ್ಲಿ, ನಿಲ್ಲದಿದ್ದರೆ ಆಂಪ್‌ನ ಅರ್ಥಿಂಗ್‌ನಲ್ಲಿ. ಬೇಸ್ ಹೊಡೆದಾಗ ಆಂಪ್ ಆಫ್ ಆಗಿ ಆನ್ ಆಗುತ್ತಿದ್ದರೆ, ಎಂಜಿನ್ ಚಾಲೂ ಇರುವಾಗ ಆಂಪ್‌ನ ಟರ್ಮಿನಲ್‌ನಲ್ಲೇ ವೋಲ್ಟ್ ಅಳೆಯಿರಿ. ಪ್ರತಿ ಹೊಡೆತಕ್ಕೂ 12.5ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಫ್ಯೂಸ್ ಹೋಲ್ಡರ್‌ನ ಸ್ಕ್ರೂ ಮೊದಲು ನೋಡಿ. ಹೊಸ ವೈರ್‌ನ ಎಳೆಗಳು ಒತ್ತಡಕ್ಕೆ ಕೂತುಕೊಂಡು ಸ್ಕ್ರೂ ಸಡಿಲವಾಗುವುದು ಸಾಮಾನ್ಯ. ಒಂದೆರಡು ವಾರ ಓಡಿಸಿದ ಮೇಲೆ ಎಲ್ಲ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿಯಿರಿ, ಮೇ ತಿಂಗಳ ಕೊನೆಗೆ ಅರ್ಥಿಂಗ್ ಬೋಲ್ಟ್ ಬಿಚ್ಚಿ ನೋಡಿ ಹೊಸ ವ್ಯಾಸಲೀನ್ ಹಚ್ಚಿ.